ಹದಿನೇಳನೇ ನಂಬರಿನ ಮಹಾಶಯ

ಸೊಸೆ ಮನೆಗೆ ಬಂದು ವರ್ಷ ತುಂಬುತ್ತ ಬಂದಿದ್ದರೂ ಮಾಸ್ತರರಿಗೂ ಅವಳಿಗೂ ನಡುವೆ ಓಡಾಡುತ್ತಿದ್ದ ಮಾತು ಬೆರಳೆಣಿಕೆಯದು. "ಊಟ ಆಯ್ತಾ ಮಾವ?" ಎಂದು ಅವಳು ಕೇಳುವುದು, "ಆಯ್ತಮ್ಮ" ಎಂದು ಇವರು ಹೇಳುವುದು. ಅಲ್ಲಿಗೆ ಆ ದಿನದ ಸಂಭಾಷಣೆ ಮುಕ್ತಾಯ. ಜಗಳವೇನೂ ಇರಲಿಲ್ಲ. ಅವಳದು ಮೊದಲೇ ಮಿತವಾದ ಮಾತು. ಇವರೋ, ಜೀವಮಾನವಿಡೀ ಹೊಲಿಗೆ ಮೆಷಿನ್ನಿನ ಸದ್ದಿಗೆ ಮಿಗಿಲಾಗಿ ಗಂಟಲು ಏರಿಸಿ ಗಿರಾಕಿಗಳ ಜೊತೆ ಹರಟಿದವರು, ಅಷ್ಟೊಂದು ಓದಿದ ಹುಡುಗಿಯ ಮುಂದೆ ಯಾವ ಮಾತು ತೆಗೆಯಬೇಕೆಂದು ತೋಚದೆ ಸುಮ್ಮನೆ ಕೂರುತ್ತಿದ್ದರು. ಮಗನಿದ್ದಾಗ ಅವನೇ ಅತ್ತಣ ಮಾತನ್ನು ಇತ್ತ, ಇತ್ತಣ ಮಾತನ್ನು ಅತ್ತ ದಾಟಿಸುತ್ತಿದ್ದ. ಆದರೆ ಅವನು ರೈಲಿನ ಗಾರ್ಡು. ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು.

ಮಾಸ್ತರರು ಎಂದರೆ ಪಾಠ ಹೇಳುವ ಮಾಸ್ತರರಲ್ಲ, ಬಟ್ಟೆ ಹೊಲಿಯುವ ಟೈಲರ್ ಮಾಸ್ತರರು. ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಕಣ್ಣು ಮುಷ್ಕರ ಹೂಡತೊಡಗಿದ ಮೇಲೆ ಅಂಗಡಿ ಮುಚ್ಚಿದರು. ಅಂಗಡಿ ಹೋದರೂ ಹೆಸರು ಹೋಗಲಿಲ್ಲ. ಬೀದಿಯವರಿಗೆಲ್ಲ ಅವರು ಮಾಸ್ತರರೇ.

ಸೊಸೆಗೆ ಕೆಲಸ ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ. ಅಲ್ಲಿ ಅವಳು ಏನು ಮಾಡುತ್ತಾಳೆ ಎಂಬುದು ಮಾಸ್ತರರಿಗೆ ಗೊತ್ತಿರಲಿಲ್ಲ. ಬಿಳಿ ಕೋಟು ಹಾಕಿಕೊಳ್ಳುತ್ತಾಳೆ, ಆ ಕೋಟಿನ ಭುಜದ ಹೊಲಿಗೆ ಸರಿಯಿಲ್ಲ ಎಂಬುದಷ್ಟೇ ಅವರಿಗಿದ್ದ ಮಾಹಿತಿ. ಒಂದು ಸಂಜೆ ಊಟದ ಮೇಜಿನಲ್ಲಿ ಅವಳು ಅತ್ತೆಯ ಹತ್ತಿರ ಹೇಳಿಕೊಳ್ಳುತ್ತಿದ್ದಳು.

"ಜನಾನೇ ಸಿಗ್ತಿಲ್ಲ ಅತ್ತೆ. ಒಂದು ವಾರ ತಗಡಿನ ಡಬ್ಬಿಯಲ್ಲಿ ಬರೋ ಊಟ-ತಿಂಡಿ ಯಾವುದೂ ಮುಟ್ಟಬಾರದು. ಆಮೇಲಿನ ವಾರ ದಿನಕ್ಕೊಂದು ಡಬ್ಬಿ ಸೂಪು ನಾವೇ ಕೊಡ್ತೀವಿ, ಅದನ್ನ ಕುಡೀಬೇಕು. ದಿನಾ ಬೆಳಗ್ಗೆ ಒಂದು ಬಾಟಲಿ ತುಂಬಿಸಿ ಕೊಡಬೇಕು, ಅಷ್ಟೆ. ಬಾಟಲಿ ಅಂದ ತಕ್ಷಣ ಎಲ್ರೂ ಎದ್ದು ಓಡ್ತಾರೆ."

"ಏನು ತುಂಬಿಸಿ?" ಎಂದರು ಅತ್ತೆ.

"ಅದೇ ಅತ್ತೆ... ಮೂತ್ರ."

ಅತ್ತೆ ಮುಖ ಸಿಂಡರಿಸಿದರು. ಆ ಗಳಿಗೆಯಲ್ಲಿ ಮಾಸ್ತರರಿಗೆ ಏನು ಹೊಳೆಯಿತೋ, "ನಾನು ಕೊಡ್ತೀನಮ್ಮ" ಎಂದುಬಿಟ್ಟರು.

ಅತ್ತೆ-ಸೊಸೆ ಇಬ್ಬರೂ ತಿರುಗಿ ನೋಡಿದರು. ಅಷ್ಟು ನೋಡಿದ್ದೇ ತಡ, ಮಾಸ್ತರರಿಗೆ ಹುರುಪು ಬಂತು. "ಅಲ್ಲಮ್ಮ, ಡಬ್ಬಿಗೂ ಬಾಟಲಿಗೂ ಏನು ಸಂಬಂಧ? ಸ್ವಲ್ಪ ಬಿಡಿಸಿ ಹೇಳು."

ಸೊಸೆ ಬಿಡಿಸಿ ಹೇಳಿದಳು. ಡಬ್ಬಿಯ ಲೋಹಕ್ಕೂ ಒಳಗಿನ ಆಹಾರಕ್ಕೂ ನೇರ ಸಂಪರ್ಕವಾದರೆ ತುಕ್ಕು ಹಿಡಿದು ಎಲ್ಲ ಕೆಡುತ್ತದೆ. ಅದಕ್ಕೇ ಒಳಗೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ ಒಂದು ಲೇಪ ಬಳಿದಿರುತ್ತಾರೆ. ಆ ಲೇಪ ಒಳ್ಳೆಯದೇ. ಅದಿಲ್ಲದಿದ್ದರೆ ಎಷ್ಟೋ ಡಬ್ಬಿಗಳು ತಿಂಗಳೊಳಗೆ ಕಸದ ಬುಟ್ಟಿ ಸೇರುತ್ತಿದ್ದವು. ಆದರೆ ಅದರಿಂದ ಬಿಸ್ಫೆನಾಲ್ ಎಂಬ ರಾಸಾಯನಿಕ ಚೂರುಚೂರೇ ಕಳಚಿಕೊಂಡು ಆಹಾರಕ್ಕೆ ಇಳಿಯಬಹುದು. ತಿಂದವರ ಹೊಟ್ಟೆಗೆ ಹೋಗಿ, ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಗೆ ಬರುತ್ತದೆ.

"ಅಯ್ಯೋ, ವಿಷಾನಾ?" ಎಂದರು ಅತ್ತೆ.

"ಹಾಗೆ ಹೆದರಿಬಿಡೋ ಅಂಥದ್ದಲ್ಲ ಅತ್ತೆ. ದೇಹ ಅದನ್ನ ತನ್ನದೇ ಹಾರ್ಮೋನು ಅಂತ ತಪ್ಪು ತಿಳ್ಕೊಳ್ಳತ್ತೆ, ಅದೇ ತಕರಾರು. ಎಷ್ಟು ಹೋದ್ರೆ ಪರವಾಗಿಲ್ಲ, ಎಷ್ಟು ಹೋದ್ರೆ ಯೋಚನೆ ಮಾಡ್ಬೇಕು ಅನ್ನೋದ್ರಲ್ಲಿ ತಿಳಿದವರಲ್ಲೇ ಒಮ್ಮತ ಇಲ್ಲ. ಈಗ ಕೆಲವು ಕಂಪನಿಗಳು ಬೇರೆ ಥರದ ಲೇಪ ತಂದಿದಾವೆ. ಯಾವ ಡಬ್ಬಿಯಿಂದ ಎಷ್ಟು ಇಳೀತಿದೆ ಅಂತ ಅಳೆದು ನೋಡ್ಬೇಕು. ಅದಕ್ಕೇ ಈ ಒದ್ದಾಟ."

"ಇಷ್ಟು ವರ್ಷ ಊರವರ ಅಳತೆಯೆಲ್ಲ ತಗೊಂಡ್ರಿ" ಎಂದರು ಅತ್ತೆ ಗಂಡನ ಕಡೆ ತಿರುಗಿ. "ಕೊನೆಗೂ ನಿಮ್ಮ ಅಳತೆ ತಗೊಳ್ಳೋರು ಸಿಕ್ಕಿದ್ರು ನೋಡಿ."

ಸೊಸೆ ನಕ್ಕಳು. ಅವಳು ಮಾಸ್ತರರ ಎದುರು ಬಾಯಿಬಿಟ್ಟು ನಕ್ಕಿದ್ದು ಅದೇ ಮೊದಲು. ಈ ನಗುವಿಗಾಗಿ ಬಾಟಲಿಯೇನು, ಕೊಡಪಾನ ತುಂಬಿಸಿಕೊಡಬಹುದು ಎನ್ನಿಸಿತು ಅವರಿಗೆ.

ಮನೆಯವರನ್ನು ಸೇರಿಸಿಕೊಳ್ಳಬಹುದೇ ಎಂದು ಸೊಸೆ ತನ್ನ ಮೇಲಿನ ಮೇಡಂ ಅವರನ್ನು ಕೇಳಿದಳು. ಸೇರಿಸಿಕೊಳ್ಳಬಹುದು, ಆದರೆ ಯಾವ ಬಾಟಲಿ ಯಾರದ್ದು ಎಂಬುದು ಪರೀಕ್ಷೆ ಮಾಡುವ ನಿನಗೆ ತಿಳಿಯಕೂಡದು ಎಂದರು ಮೇಡಂ. ಹೀಗಾಗಿ ಪ್ರಯೋಗಾಲಯದ ಮುಂಬಾಗಿಲಲ್ಲಿದ್ದ ಗುಮಾಸ್ತ ಮಾಸ್ತರರಿಗೆ ಒಂದು ನಂಬರು ಕೊಟ್ಟು, "ಸೊಸೆ ಹತ್ರ ಮಾತ್ರ ಬಾಯಿ ಬಿಡಬೇಡಿ" ಎಂದು ತಾಕೀತು ಮಾಡಿದ. ನಂಬರು ಹದಿನೇಳು.

ಮೊದಲ ವಾರದ ನಿಯಮ ಸುಲಭದ್ದು: ಡಬ್ಬಿಯದ್ದು ಏನೂ ತಿನ್ನಬಾರದು. ಸಂಜೆಯಾದರೆ ಪ್ರಯೋಗಾಲಯದಿಂದ ಒಬ್ಬ ಹುಡುಗಿ ಫೋನು ಮಾಡಿ ಆ ದಿನ ತಿಂದದ್ದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದಳು. ಮಾಸ್ತರರು ಚಾಚೂ ತಪ್ಪದೆ ಹೇಳುತ್ತಿದ್ದರು. ಹೇಳದೆ ಉಳಿದದ್ದು ಒಂದೇ ಒಂದು. ಅನಾನಸ್.

ಅನಾನಸ್ಸಿನ ಕಥೆ ಹೀಗೆ. ಬೀದಿಯ ಕೊನೆಗೆ ಮಾಸ್ತರರ ಹಳೆಯ ಗೆಳೆಯನ ದಿನಸಿ ಅಂಗಡಿ. ಬಂದ ಗಿರಾಕಿಗಳನ್ನೆಲ್ಲ "ಬನ್ನಿ ಧಣಿ, ಕೂತ್ಕೊಳ್ಳಿ ಧಣಿ" ಎಂದು ಕರೆದು ಕರೆದು, ಕೊನೆಗೆ ಧಣಿ ಎಂಬ ಹೆಸರು ಅವನಿಗೇ ಅಂಟಿಕೊಂಡಿತ್ತು. ಸಾಗಿಸುವಾಗ ನೆಗ್ಗಿದ ಡಬ್ಬಿಗಳನ್ನು ಗಿರಾಕಿಗಳು ಮೂಸಿಯೂ ನೋಡುವುದಿಲ್ಲ. ಅದರಲ್ಲಿ ಅನಾನಸ್ ಇದ್ದರೆ ಧಣಿ ಅದನ್ನು ಹಿಂದಿನ ಗೋದಾಮಿಗೆ ಸಾಗಿಸುತ್ತಿದ್ದ. ಮಧ್ಯಾಹ್ನ ವ್ಯಾಪಾರ ತಣ್ಣಗಾದ ಹೊತ್ತಿನಲ್ಲಿ ಇಬ್ಬರೂ ಹಿಟ್ಟಿನ ಮೂಟೆಗಳ ಮೇಲೆ ಕುಳಿತು, ಪಾಕದಲ್ಲಿ ಮುಳುಗಿದ ಹಳದಿ ಬಳೆಗಳನ್ನು ಫೋರ್ಕಿನಿಂದ ಎತ್ತೆತ್ತಿ ತಿನ್ನುತ್ತಿದ್ದರು. ಡಾಕ್ಟರು ಸಕ್ಕರೆಯ ವಿಷಯದಲ್ಲಿ ಒಮ್ಮೆ ಹುಬ್ಬೇರಿಸಿದ್ದೇ ನೆಪವಾಗಿ ಮಾಸ್ತರರ ಹೆಂಡತಿ ಮನೆಯಲ್ಲಿ ಸಿಹಿಗೆ ಬಹಿಷ್ಕಾರ ಹಾಕಿದ್ದರು. ಹಾಗಾಗಿ ಆ ಗೋದಾಮು ಮಾಸ್ತರರ ಪಾಲಿಗೆ ಸ್ವರ್ಗವೇ.

ಫೋನು ಬರುವ ಹೊತ್ತಿಗೆ ಸರಿಯಾಗಿ ಹೆಂಡತಿ ಪಕ್ಕದಲ್ಲೇ ಕುಳಿತು ಬಟಾಣಿ ಸುಲಿಯುತ್ತಿರುತ್ತಿದ್ದರು. "ಮಧ್ಯಾಹ್ನ ಮತ್ತೇನಾದ್ರೂ ತಗೊಂಡ್ರಾ ಸರ್?" ಎಂದು ಹುಡುಗಿ ಕೇಳಿದರೆ ಹೆಂಡತಿಯ ಕೈ ಬಟಾಣಿಯ ಮೇಲೆ ನಿಂತಂತಾಗುತ್ತಿತ್ತು. "ಏನಿಲ್ಲಮ್ಮ, ಒಂದು ಲೋಟ ನೀರು" ಎಂದು ಮಾಸ್ತರರು ತೇಲಿಸಿಬಿಡುತ್ತಿದ್ದರು. ಇಷ್ಟಕ್ಕೂ ಹಣ್ಣು ಹಣ್ಣೇ ಅಲ್ಲವೇ, ಅದರಿಂದ ಯಾವ ವಿಜ್ಞಾನ ಮುಳುಗಿಹೋಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು.

ವಾರದ ನಡುವಿನಲ್ಲಿ ಸೊಸೆ ಊಟಕ್ಕೆ ಕುಳಿತವಳು ತಟ್ಟೆಯನ್ನು ದೂರ ಸರಿಸಿದಳು.

"ಏನೇ, ಮೈ ಸರಿಯಿಲ್ವಾ?" ಎಂದರು ಅತ್ತೆ.

"ಮೈಗೇನಾಗಿದೆ ಅತ್ತೆ, ತಲೆ ಕೆಟ್ಟಿದೆ. ಎಲ್ಲಾರದ್ದೂ ಅಚ್ಚುಕಟ್ಟಾಗಿ ಇಳೀತಾ ಇದೆ. ಡಬ್ಬಿ ಬಿಟ್ಟ ಮೇಲೆ ಇಳೀಲೇಬೇಕಲ್ಲ. ಒಬ್ಬ ಮಹಾಶಯ ಇದಾನೆ, ಹದಿನೇಳನೇ ನಂಬರು. ಅವನದ್ದು ಮಾತ್ರ ಗೂಟ ಹೊಡೆದ ಹಾಗೆ ಮೇಲೇ ನಿಂತಿದೆ!"

ಮಾಸ್ತರರ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು. ಹೆಂಡತಿ ನೀರಿನ ಲೋಟ ಮುಂದೆ ತಳ್ಳಿದರು.

"ಕದ್ದು ತಿಂತಾ ಇರ್ಬೇಕು ಬಿಡು" ಎಂದರು ಅತ್ತೆ.

"ಅದೇ ನಾನೂ ಅಂದ್ಕೊಂಡಿದ್ದು. ಸುಳ್ಳುಬುರುಕ! ಫೋನಿನಲ್ಲಿ ಕೇಳಿದ್ರೆ ಬರೀ ನೀರು ಕುಡಿದೆ ಅಂತಾನಂತೆ. ಮಳ್ಳನ ಥರ ಮಾತಾಡ್ತಾನೆ ಅಂತ ಆ ಹುಡುಗಿ ಹೇಳ್ತಿದ್ಲು. ಅವನು ಕೈಗೆ ಸಿಕ್ಕಿದ್ರೆ ಕಿವಿ ಹಿಂಡಿಬಿಡ್ತೀನಿ ನೋಡಿ."

"ಹಿಂಡು, ಹಿಂಡು" ಎಂದರು ಅತ್ತೆ. "ಏನ್ರೀ, ನೀವೇನಂತೀರಿ?"

ಮಾಸ್ತರರು ಕೆಮ್ಮುತ್ತಲೇ "ಹಿಂಡಬೇಕಾದ್ದೇ" ಎಂದರು.

ಒಂದು ಕಡೆ ಎದೆ ಡವಡವ. ಇನ್ನೊಂದು ಕಡೆ, ಹೇಳಿದರೆ ನಗುತ್ತೀರಿ, ಅವರಿಗೆ ಒಳಗೊಳಗೇ ಖುಷಿ. ಸೊಸೆ ಅಂದು ಊಟ ಮುಗಿಯುವವರೆಗೂ ಮಾತಾಡಿದಳು. ಬೈದಳು, ಕೈ ಬೀಸಿದಳು, ಮಾವನ ಮುಖ ನೋಡಿ "ಅಲ್ವಾ ಮಾವ?" ಎಂದು ಎರಡು ಸಲ ಕೇಳಿದಳು. ಬೈಸಿಕೊಳ್ಳುತ್ತಿರುವವನು ತಾನೇ ಆದರೂ, ಹಾಗೆ ಕೂತು ಬೈಗುಳ ಹಂಚಿಕೊಂಡದ್ದರಲ್ಲಿ ಒಂದು ಬಗೆಯ ಸುಖವಿತ್ತು.

ಮರುದಿನದಿಂದ ಮಾಸ್ತರರು ಅನಾನಸ್ಸಿಗೆ ಕೈಮುಗಿದರು.

"ಇದೇನಯ್ಯಾ, ಡಬ್ಬಿ ತೆರೆದಿಟ್ಟಿದೀನಿ, ಬಾ" ಎಂದು ಧಣಿ ಗೋದಾಮಿನ ಬಾಗಿಲಿಂದ ಕರೆದ. ಅವನಿಗೆ ಈಚೆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕದಲ್ಲಿ ಸಿನಿಮಾ ಖಳನಾಯಕನಂತೆ ಕಾಣುತ್ತಿದ್ದ.

"ನನಗೆ ಬೇಡ ಮಾರಾಯ. ಆ ಕಡೆಗೆ ಬಂದ್ರೆ ಮನಸ್ಸು ತಡೆಯಲ್ಲ. ನೀನು ಒಳಗೇ ಕಣ್ಣಿಗೆ ವಿಶ್ರಾಂತಿ ಕೊಡು. ನಾನು ಗಲ್ಲಾಪೆಟ್ಟಿಗೆ ಮುಂದೆ ಕೂತಿರ್ತೀನಿ."

ಧಣಿಗೆ ಅಷ್ಟೇ ಬೇಕಿತ್ತು. ಮೊದಲೆಲ್ಲ ಮಾಸ್ತರರು ಅವನಿಗೆ ಒತ್ತಾಸೆಯಾಗಿ ಗಲ್ಲಾದಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದರು, ಬಾಕಿ ಸಮಯ ಅನಾನಸ್ಸಿಗೆ ಮೀಸಲು. ಈಗ ಮಧ್ಯಾಹ್ನವಿಡೀ ಅಂಗಡಿ ಅವರ ಕೈಗೆ ಬಂತು. ಹೊಸದಾಗಿ ತಂದಿದ್ದ ಬಿಲ್ಲಿನ ಮೆಷಿನ್ನು ಗುಂಡಿ ಒತ್ತಿದರೆ ಕಿರ್ರೆಂದು ಬಿಲ್ಲು ಉಗುಳುತ್ತಿತ್ತು. ಅದನ್ನು ಹರಿದು ಕೊಡುವುದು, ಚೀಲ ಕಟ್ಟುವುದು, ಗಿರಾಕಿಗಳ ಜೊತೆ ಹರಟುವುದು. ಹಳೆಯ ಅಂಗಡಿಯ ದಿನಗಳೇ ಮರಳಿ ಬಂದಂತಾಗಿ ಅವರು ಅನಾನಸ್ಸನ್ನೇ ಮರೆತರು. ಇನ್ನು ಹದಿನೇಳನೇ ನಂಬರು ನೆಟ್ಟಗಾಗುತ್ತದೆ, ಸೊಸೆಯ ಮುಖ ಅರಳುತ್ತದೆ ಎಂದು ಲೆಕ್ಕ ಹಾಕಿ ಮೂರನೇ ದಿನ ರಾತ್ರಿ ಧೈರ್ಯವಾಗಿ ಊಟಕ್ಕೆ ಕುಳಿತರು.

ಸೊಸೆಯ ಮುಖ ಅರಳಲಿಲ್ಲ.

"ಇನ್ನೂ ಏರಿದೆ ಮಾವ" ಎಂದಳು.

"ಏರಿದೆಯಾ?" ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. "ಅದು ಹೇಗೆ ಏರತ್ತೆ? ಏರೋಕೆ ಸಾಧ್ಯಾನೇ ಇಲ್ಲ!"

"ನೋಡಿ ಅತ್ತೆ, ಮಾವನಿಗೇ ಎಷ್ಟು ಸಂಕಟ ಆಗ್ತಿದೆ" ಎಂದಳು ಸೊಸೆ. ಅವಳ ದನಿ ಇಳಿದಿತ್ತು. "ಅವನು ತಿಂತಾನೆ ಅಂತ ಬೈದೆ, ಪಾಪ. ನನ್ನ ಕೈಯಲ್ಲೇ ಏನೋ ತಪ್ಪಾಗಿರಬೇಕು. ಈ ಬಿಸ್ಫೆನಾಲ್ ಎಲ್ಲಿಂದ ಬೇಕಾದ್ರೂ ಬಂದು ಸೇರ್ಕೊಳ್ಳತ್ತೆ. ನಳಿಗೆಯಿಂದ ಬರಬಹುದು, ಪ್ಲಾಸ್ಟಿಕ್ಕಿಂದ ಬರಬಹುದು. ಬೆಳಗ್ಗೆಯಿಂದ ಗಾಜಿನ ಸಾಮಾನೆಲ್ಲ ತೊಳೆದೂ ತೊಳೆದೂ ಕೈ ಸುಕ್ಕಾಗಿದೆ ನೋಡಿ. ಸೋಮವಾರದೊಳಗೆ ಕಾರಣ ಸಿಗದಿದ್ರೆ ಎಲ್ಲಾರದ್ದೂ ಬಿಸಾಕಿ ಮೊದಲಿಂದ ಶುರು ಮಾಡು ಅಂದಿದಾರೆ ಮೇಡಂ."

ಅವಳ ಕಣ್ಣಲ್ಲಿ ನೀರು ತುಂಬಿತು. ಮಾಸ್ತರರು ನೀರಿನ ಲೋಟವನ್ನು ಅವಳತ್ತ ಸರಿಸಿದರು. ಅಷ್ಟರಲ್ಲಿ ಅವರಿಗೆ ಬೇರೆಯೇ ಒಂದು ಭಯ ಹೊಕ್ಕಿತು. ತಿನ್ನುವುದು ಬಿಟ್ಟರೂ ಏರುತ್ತಿದೆ ಎಂದರೆ ಏನರ್ಥ? ಜೀವಮಾನದಲ್ಲಿ ತಿಂದ ಅನಾನಸ್ ಡಬ್ಬಿಗಳೆಲ್ಲ ಹೊಟ್ಟೆಯೊಳಗೆ ಕುಳಿತು ಈಗ ಒಂದೊಂದಾಗಿ ಬಾಯಿ ತೆರೆಯುತ್ತಿವೆಯೇ? ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಂಡರು. ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿಕೊಂಡರು. ಡಬ್ಬಿಯ ಸದ್ದೇನೂ ಬರಲಿಲ್ಲ.

"ಏನ್ರೀ ಅದು, ಕಲ್ಲಂಗಡಿ ತಟ್ಟಿದ ಹಾಗೆ?" ಎಂದರು ಹೆಂಡತಿ.

"ಏನಿಲ್ವೇ. ಗ್ಯಾಸು."

ಬೆಳಗ್ಗೆ ಸೊಸೆ ಕೆಲಸಕ್ಕೆ ಹೊರಟಾಗ ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಸ್‌ಸ್ಟಾಪಿಗೆ ಬಂದರು. ಅವಳು ಅಚ್ಚರಿಯಿಂದ ನೋಡಿದಳು.

"ಏನು ಮಾವ, ಇತ್ತ ಕಡೆ?"

"ಏನಿಲ್ಲಮ್ಮ. ಹಾಗೇ." ಬಸ್ಸು ಬರುವ ದಾರಿ ನೋಡುತ್ತ, "ಆ ಹದಿನೇಳನೇ ನಂಬರಿನವನು ಇದಾನಲ್ಲ..." ಎಂದರು.

"ಹೂಂ, ಇದಾನೆ."

"ಅವನು ಕೆಟ್ಟವನಲ್ಲ ಕಣಮ್ಮ."

"ನಿಮಗೆ ಹೇಗೆ ಗೊತ್ತು?"

"ಗೊತ್ತು. ಹೆಂಡತಿಗೆ ಹೆದರ್ತಾನೆ. ಅಷ್ಟು ಬಿಟ್ರೆ ಒಳ್ಳೇವನು."

ಸೊಸೆ ಅವರ ಮುಖವನ್ನೇ ನೋಡಿದಳು. ಮಾಸ್ತರರು ನೆಲ ನೋಡಿದರು. ಬಸ್ಸು ಬಂದು ನಿಂತಿತು, ಜನ ಹತ್ತಿದರು, ಕಂಡಕ್ಟರು ಇವಳತ್ತ ಕೈ ಮಾಡಿದ. ಇವಳು ಅಲ್ಲಾಡಲಿಲ್ಲ. ಬಸ್ಸು ಹೊರಟುಹೋಯಿತು.

"ನೀವಾ ಮಾವ?"

"ನಾನೇ ಕಣಮ್ಮ. ಕಿವಿ ಹಿಂಡೋದಾದ್ರೆ ಹಿಂಡು. ಇಲ್ಲಿ ಬೇಡ, ಜನ ನೋಡ್ತಾರೆ."

ಸೊಸೆಯ ಮುಖ ಕೆಂಪೇರಿತು. "ಅಯ್ಯಯ್ಯೋ! ನಾನು ಸುಳ್ಳುಬುರುಕ ಅಂದೆ. ಮಳ್ಳ ಅಂತಾನೂ ಅಂದೆ..."

"ಅಂದಿದ್ರಲ್ಲಿ ತಪ್ಪೇನೂ ಇಲ್ಲ. ಎರಡೂ ಹೌದು." ಮಾಸ್ತರರು ಅನಾನಸ್ಸಿನ ಪುರಾಣವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದರು. ಗೋದಾಮು, ಹಿಟ್ಟಿನ ಮೂಟೆ, ಪಾಕ, ಪಕ್ಕದಲ್ಲಿ ಬಟಾಣಿ. "ಆದ್ರೆ ನಾನು ಬಿಟ್ಟು ಮೂರು ದಿನ ಆಯ್ತಮ್ಮ. ನಿನ್ನಾಣೆ. ಆದ್ರೂ ಏರ್ತಿದೆ ಅಂತೀಯಲ್ಲ, ನನಗೇನಾದ್ರೂ ಆಗಿದೆಯಾ? ನಿಜ ಹೇಳು. ನಿಮ್ಮತ್ತೆಗೆ ಹೇಗಾದ್ರೂ ತಿಳಿಸೋಣ."

ಸೊಸೆಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ. ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎರಡು ನಿಮಿಷ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, "ನಿಮಗೇನೂ ಆಗಿಲ್ಲ ಮಾವ. ಆ ಅಂಗಡಿ ತೋರಿಸಿ ನಡೀರಿ" ಎಂದಳು. ಆಫೀಸಿಗೆ ಫೋನು ಮಾಡಿ ತಡವಾಗುತ್ತದೆ ಎಂದಳು.

ಧಣಿ ಆಗಷ್ಟೇ ಬಾಗಿಲು ತೆರೆದಿದ್ದ. "ಬನ್ನಿ ಧಣಿ, ಸೊಸೇನೂ ಬಂದ್ಬಿಟ್ಟಿದಾರೆ!" ಎಂದು ಸಂಭ್ರಮಪಟ್ಟವನು ಅನಾನಸ್ ಡಬ್ಬಿ ತೋರಿಸಿ ಎಂದ ಕೂಡಲೇ ಪೊಲೀಸರು ಬಂದಂತೆ ಬೆಚ್ಚಿದ. "ನನ್ನದೇನೂ ತಪ್ಪಿಲ್ಲಮ್ಮ, ಇವನೇ ಬಂದು ಬಂದು ಕೂರ್ತಿದ್ದ."

ಗೋದಾಮಿನಲ್ಲಿ ಹಿಂದಿನ ದಿನ ಧಣಿ ಒಬ್ಬನೇ ಮುಗಿಸಿದ್ದ ಡಬ್ಬಿಯಿತ್ತು. ಸೊಸೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಉಗುರಿನಿಂದ ಗೀರಿದಳು. ಮತ್ತೆ ಇಣುಕಿದಳು. ಪಕ್ಕದ ಕಪಾಟಿನಿಂದ ಒಂದು ಸೂಪಿನ ಡಬ್ಬಿ ತೆಗೆಸಿ, ಕತ್ತರಿಸಿ, ಸೂಪನ್ನು ಪಾತ್ರೆಗೆ ಸುರಿದು, ಎರಡೂ ಡಬ್ಬಿಗಳನ್ನು ಮಾವನ ಕೈಗೆ ಕೊಟ್ಟಳು.

"ಒಳಗೆ ನೋಡಿ. ಏನು ವ್ಯತ್ಯಾಸ?"

ಸೂಪಿನ ಡಬ್ಬಿಯ ಒಳಗೋಡೆ ನಸುಹಳದಿಯಾಗಿ, ಎಣ್ಣೆ ಸವರಿದಂತೆ ನುಣ್ಣಗಿತ್ತು. ಅನಾನಸ್ಸಿನದ್ದು ಬರೀ ಬೆಳ್ಳಿಯ ಹಾಗೆ, ಅಲ್ಲಲ್ಲಿ ಮಂಜು ಹರಳುಗಟ್ಟಿದಂಥ ಗೀಟು.

"ಇದಕ್ಕೆ ಒಳಗೆ ಬಳಿದೇ ಇಲ್ವಲ್ಲಮ್ಮ."

"ಅದೇ! ಅನಾನಸ್ ಥರದ ತಿಳಿ ಬಣ್ಣದ ಹಣ್ಣುಗಳಿಗೆ ಎಷ್ಟೋ ಕಂಪನಿಗಳು ಲೇಪ ಹಾಕೋದೇ ಇಲ್ಲ. ಬರೀ ತವರ ಇದ್ರೇನೇ ಹಣ್ಣಿನ ಬಣ್ಣ ಕೆಡದೆ ಉಳಿಯೋದು. ಮುಚ್ಚಳಕ್ಕೆ ಚೂರು ಇದ್ರೂ ಇರಬಹುದು. ಇಷ್ಟರಿಂದ ನಿಮ್ಮ ಲೆಕ್ಕ ಅಷ್ಟು ಏರೋಕೆ ಸಾಧ್ಯ ಇಲ್ಲ ಮಾವ."

ಮಾಸ್ತರರು ಮೂಟೆಯ ಮೇಲೆ ಕುಸಿದು ಕುಳಿತರು. "ಹಾಗಾದ್ರೆ ನಾನು ಮೂರು ದಿನ ಸುಮ್ನೆ ಬಾಯಿ ಕಟ್ಟಿದ್ನಾ?"

"ನಿಯಮ ನಿಯಮವೇ, ಬಾಯಿ ಕಟ್ಟಿದ್ದು ಒಳ್ಳೇದೇ ಆಯ್ತು. ಆದ್ರೆ ಎಲ್ಲಿಂದ ಬರ್ತಿದೆ ಮತ್ತೆ?" ಸೊಸೆ ಹಣೆಗೆ ಕೈ ಇಟ್ಟುಕೊಂಡಳು. ನೀರಿನ ಬಾಟಲಿ ಯಾವುದು, ಹಲ್ಲಿಗೆ ಈಚೆಗೆ ಏನಾದರೂ ತುಂಬಿಸಿಕೊಂಡಿದ್ದೀರಾ, ಪೇಂಟು ಮುಟ್ಟಿದಿರಾ ಎಂದೆಲ್ಲ ಕೇಳಿದಳು. ಎಲ್ಲದಕ್ಕೂ ಇಲ್ಲ.

ಅಷ್ಟರಲ್ಲಿ ಮುಂದೆ ಒಬ್ಬ ಹೆಂಗಸು ಸಾಮಾನಿಗೆ ಬಂದಳು. ಧಣಿಗೆ ಕಪ್ಪು ಕನ್ನಡಕದಲ್ಲಿ ಮೆಷಿನ್ನಿನ ಗುಂಡಿ ಕಾಣುವುದಿಲ್ಲ. ರೂಢಿಯಂತೆ ಮಾಸ್ತರರೇ ಎದ್ದು ಗಲ್ಲಾ ಕಡೆ ಹೋದರು. ಗುಂಡಿ ಒತ್ತಿದರು, ಕಿರ್ರೆಂದು ಬಿಲ್ಲು ಬಂತು. ಹರಿದರು. ಚೀಲ ಕಟ್ಟಲು ಎರಡೂ ಕೈ ಬೇಕು. ಜೀವಮಾನವಿಡೀ ಗುಂಡುಸೂಜಿ, ದಾರದ ತುದಿ, ಅಳತೆಯ ಚೀಟಿ ಎಲ್ಲವನ್ನೂ ತುಟಿಯ ನಡುವೆ ಹಿಡಿದೇ ಕೆಲಸ ಮಾಡಿದ ಮನುಷ್ಯ. ಬಿಲ್ಲನ್ನೂ ತುಟಿಗೆ ಕಚ್ಚಿಕೊಂಡರು.

"ಮಾವಾ! ಬಾಯಿಂದ ತೆಗೀರಿ ಅದನ್ನ!"

ಸೊಸೆಯ ಕೂಗಿಗೆ ಗಿರಾಕಿ ಹೆಂಗಸು ಒಂದು ಹೆಜ್ಜೆ ಹಿಂದೆ ಹಾರಿದಳು. ಧಣಿಯ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಮಾಸ್ತರರ ಬಾಯಿ ತೆರೆದು ಬಿಲ್ಲು ತಾನಾಗಿಯೇ ಕೆಳಗೆ ಬಿತ್ತು.

"ದಿನಾ ಹೀಗೇ ಮಾಡ್ತೀರಾ?"

"ಹೇಗೆ?"

"ಬಿಲ್ಲು ಬಾಯಲ್ಲಿ ಇಟ್ಕೊಳ್ಳೋದು!"

ಮಾಸ್ತರರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಗಿರಾಕಿ ಹೆಂಗಸು. "ದಿನಾ ಹೀಗೇ ಕೊಡ್ತಾರಮ್ಮ. ತುದಿ ಸ್ವಲ್ಪ ಒದ್ದೆಯಾಗಿರತ್ತೆ. ವಯಸ್ಸಾದವರು ಅಂತ ನಾನೇನೂ ಅನ್ನಲಿಲ್ಲ."

ಸೊಸೆ ಬಿದ್ದ ಬಿಲ್ಲನ್ನು ಎತ್ತಿ, ಉಗುರಿನಿಂದ ಜೋರಾಗಿ ಒಂದು ಗೆರೆ ಎಳೆದಳು. ಬಿಳಿ ಕಾಗದದ ಮೇಲೆ ಕಪ್ಪು ಗೆರೆ ಮೂಡಿತು.

"ನೋಡಿದ್ರಾ? ಇದಕ್ಕೆ ಶಾಯಿ ಇಲ್ಲ. ಕಾಗದದ ಮೈಗೇ ಪುಡಿ ಸವರಿರ್ತಾರೆ, ಬಿಸಿ ತಾಕಿದ್ರೆ ಕಪ್ಪಾಗತ್ತೆ. ಎಷ್ಟೋ ಕಡೆ ಆ ಪುಡಿಯಲ್ಲಿ ಇದೇ ಬಿಸ್ಫೆನಾಲ್ ಇರತ್ತೆ. ಡಬ್ಬಿಯ ಲೇಪದಲ್ಲಿ ಅದು ಗಟ್ಟಿಯಾಗಿ ಕೂತಿರತ್ತೆ, ಒಂಚೂರು ಕಳಚ್ಕೊಳ್ಳತ್ತೆ ಅಷ್ಟೆ. ಇಲ್ಲಿ ಸಡಿಲವಾಗೇ ಇರತ್ತೆ. ನೀವು ಅದನ್ನ ಮಧ್ಯಾಹ್ನವಿಡೀ ಚೀಪ್ತಾ ಇದೀರಿ! ಅನಾನಸ್ ಬಿಟ್ಟು ಗಲ್ಲಾದಲ್ಲಿ ಕೂತ್ರಿ, ಅದಕ್ಕೇ ಲೆಕ್ಕ ಇನ್ನೂ ಏರ್ತು."

"ಅಂದ್ರೆ ನನ್ನ ಮೆಷಿನ್ನು ವಿಷ ಕಾರ್ತಿದೆಯಾ?" ಎಂದ ಧಣಿ ಕಂಗಾಲಾಗಿ.

"ಇಲ್ಲ ಅಂಕಲ್, ನಿಮ್ಮ ಮೆಷಿನ್ನು ಪಾಪದ್ದು. ಮುಟ್ಟಿ ಕೈ ತೊಳ್ಕೊಂಡ್ರೆ ಅಷ್ಟೇನಿಲ್ಲ. ಯಾರೂ ಅದನ್ನ ಊಟ ಮಾಡಲ್ಲವಲ್ಲ."

ಪ್ರಯೋಗಾಲಯದ ಮೇಡಂ ಎದುರು ಮಾಸ್ತರರು ಕಟಕಟೆಯಲ್ಲಿ ನಿಂತಂತೆ ನಿಂತರು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಗಂಭೀರವಾಗಿ ಕೇಳಿಸಿಕೊಂಡು, ಕನ್ನಡಕ ತೆಗೆದು, "ಹದಿನೇಳನೇ ನಂಬರು ನೀವೇನಾ? ನಿಮ್ಮ ದರ್ಶನಕ್ಕೆ ವಾರದಿಂದ ಕಾಯ್ತಾ ಇದ್ದೆ" ಎಂದರು. ಆಮೇಲೆ ಮೃದುವಾಗಿಯೇ, ಆದರೆ ಖಡಾಖಂಡಿತವಾಗಿ, ನಿಮ್ಮನ್ನು ಈ ಅಧ್ಯಯನದಿಂದ ತೆಗೆಯಲೇಬೇಕು ಎಂದರು. ನಿಯಮ ಮುರಿದಿದ್ದೀರಿ, ಸುಳ್ಳು ಹೇಳಿದ್ದೀರಿ, ಸೊಸೆಗೆ ನಂಬರೂ ತಿಳಿದುಹೋಯಿತು. ಮಾಸ್ತರರ ಮುಖ ಸಪ್ಪಗಾಯಿತು. "ಆದ್ರೆ ಬೇರೆಯಾಗಿ ಎರಡು ದಿನ ಬಾಟಲಿ ಕೊಡಿ. ಬಿಲ್ಲು ಮುಟ್ಟಬೇಡಿ. ಇವಳ ಊಹೆ ಸರಿಯೋ ತಪ್ಪೋ ನೋಡೋಣ" ಎಂದು ಸೇರಿಸಿದರು.

ಮಾಸ್ತರರು ಆ ಎರಡು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಬಿಲ್ಲಿನಂಥದೇ ಕಾಗದದ ಬಸ್ ಟಿಕೆಟ್ಟು ಮುಟ್ಟಬೇಕಾದೀತೆಂದು ನಡೆದೇ ಹೋಗಿ ಬಾಟಲಿ ಕೊಟ್ಟು ಬಂದರು. ಲೆಕ್ಕ ಜರ್ರನೆ ಇಳಿಯಿತು. ಸೊಸೆ ಮಧ್ಯಾಹ್ನವೇ ಮನೆಗೆ ಫೋನು ಮಾಡಿ "ಮಾವ, ಇಳೀತು! ಇಳೀತು!" ಎಂದು ಕೂಗಿದಳು. ಇವರೂ ಇತ್ತಲಿಂದ "ಇಳೀತಾ? ಇಳೀತಾ?" ಎಂದು ಕೂಗಿದರು. ಅಡುಗೆಮನೆಯಿಂದ ಓಡಿಬಂದ ಹೆಂಡತಿಗೆ ಯಾರು, ಎಲ್ಲಿಂದ ಇಳಿದರು ಎಂದು ತಿಳಿಯದೆ ಗಾಬರಿ.

ಸಂಜೆ ಊಟದ ಮೇಜಿನಲ್ಲಿ ಮಾವ-ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮುಸಿಮುಸಿ ನಗುವುದನ್ನು ಕಂಡು ಹೆಂಡತಿ ಸೌಟು ಕೆಳಗಿಟ್ಟರು.

"ಏನು ನಡೀತಿದೆ ಇಲ್ಲಿ? ಯಾರಾದ್ರೂ ಒಬ್ರು ಬಾಯಿ ಬಿಡ್ತೀರಾ?"

ಅನಾನಸ್ಸಿನ ಸುದ್ದಿ ಎತ್ತುವುದಿಲ್ಲ ಎಂದು ಸೊಸೆ ಮಾತು ಕೊಟ್ಟಿದ್ದಳು. ಅವಳು ಬಿಲ್ಲಿನ ಭಾಗವನ್ನಷ್ಟೇ ಜಾಣತನದಿಂದ ಹೇಳತೊಡಗಿದಳು. ಆದರೆ ಮಾಸ್ತರರಿಗೆ ಆ ಹೊತ್ತಿನಲ್ಲಿ ಎಲ್ಲಿಲ್ಲದ ಉದಾರತೆ ಬಂದುಬಿಟ್ಟಿತ್ತು. "ಮುಚ್ಚಿಡೋದು ಬೇಡಮ್ಮ" ಎಂದು ತಾವೇ ಕಕ್ಕಿಬಿಟ್ಟರು.

ಹೆಂಡತಿ ಬೆಚ್ಚಲೂ ಇಲ್ಲ, ಬೆದರಲೂ ಇಲ್ಲ. "ಅನಾನಸ್ಸಾ? ಅದು ನನಗೆ ಗೊತ್ತಿಲ್ವಾ? ಅಂಗಿ ತೊಳೆಯೋಳು ಯಾರು? ದಿನಾ ತೋಳೆಲ್ಲ ಅಂಟಂಟು. ಹೋಗಲಿ ಪಾಪ, ಎರಡು ತುಂಡು ತಿಂತಾರೆ ಅಂತ ಸುಮ್ನಿದ್ದೆ."

"ಎರಡು ತುಂಡಲ್ವೇ" ಎಂದರು ಮಾಸ್ತರರು, ಆ ಉದಾರತೆ ಇನ್ನೂ ಇಳಿಯದೆ. "ಅರ್ಧ ಡಬ್ಬಿ."

ಆಗ ನೋಡಿ, ಹೆಂಡತಿ ಬೆಚ್ಚಿದರು. ಅಂದಿನ ಮಂಗಳಾರತಿಯನ್ನು ವಿವರಿಸದಿರುವುದೇ ಲೇಸು. ಸೊಸೆ ಮಾವನ ಪರ ವಹಿಸಿ ಒಂದೆರಡು ಮಾತಾಡಲು ಹೋಗಿ ತಾನೂ ಪಾಲು ಪಡೆದಳು. ಫೋನು ಬಂದಾಗ ಬಟಾಣಿ ಸುಲಿಯುತ್ತ ಪಕ್ಕದಲ್ಲಿ ಕುಳಿತೇ ಇದ್ದೆನಲ್ಲ, ನಿಜ ಹೇಳಿದ್ದರೆ ನಾನೇನು ನುಂಗುತ್ತಿದ್ದೆನೇ ಎಂದು ಹೆಂಡತಿ ಕೇಳಿದ್ದಕ್ಕೆ ಮಾಸ್ತರರು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಉಳಿದವರ ಅಧ್ಯಯನ ನಿರಾತಂಕವಾಗಿ ಮುಗಿಯಿತು. ಸೂಪು ಕುಡಿದ ವಾರ ಹಳೆಯ ಲೇಪದ ಡಬ್ಬಿಯವರ ಲೆಕ್ಕವೆಲ್ಲ ಏರಿತ್ತು. ಆದರೆ ಹೊಸ ಬಗೆಯ ಲೇಪದ ಡಬ್ಬಿಯಿಂದ ಕುಡಿದವರಲ್ಲಿ ಬಿಸ್ಫೆನಾಲ್ ಏರಲೇ ಇಲ್ಲ ಎನ್ನಬಹುದು. "ಹಾಗಂತ ಹೊಸ ಲೇಪ ಚೊಕ್ಕ ಅಂತ ಈಗಲೇ ಹೇಳೋಕಾಗಲ್ಲ ಮಾವ. ಅದರಿಂದ ಬೇರೆ ಏನು ಇಳೀತಿದೆಯೋ, ಅದನ್ನೂ ಹುಡುಕ್ಬೇಕು" ಎಂದಳು ಸೊಸೆ. ಮಾಸ್ತರರು ತಲೆದೂಗಿದರು. ಈಗೀಗ ಅವರಿಗೆ ಅರ್ಧ ಅರ್ಥವಾಗುತ್ತಿತ್ತು. ಅರ್ಥವಾಗದ ಅರ್ಧಕ್ಕೂ ತಲೆದೂಗುತ್ತಿದ್ದರು.

ಧಣಿ ಬೇರೆ ಬಗೆಯ ಕಾಗದ ತರಿಸಿದ. ಬಿಲ್ಲು ಬೇಕೇ ಎಂದು ಕೇಳಿ, ಬೇಕೆಂದವರಿಗೆ ಮಾತ್ರ ಕೊಡತೊಡಗಿದ. ಮಾಸ್ತರರು ಗಲ್ಲಾದಲ್ಲಿ ಕುಳಿತರೆ ಧಣಿ ಕಪ್ಪು ಕನ್ನಡಕದ ಮೇಲಿಂದ ಅವರ ತುಟಿಯನ್ನೇ ಕಾಯುತ್ತಿದ್ದ.

ಮುಂದಿನ ತಿಂಗಳು ಮೇ‌ಡಂ ಗಲ್ಲಾದಲ್ಲಿ ಕೂರುವವರ ಮೇಲೆಯೇ ಒಂದು ಪುಟ್ಟ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟರು. ಮತ್ತದೇ ತಾಪತ್ರಯ, ಜನ ಬೇಕು. ಮಾವ-ಸೊಸೆ ರಜೆಯ ದಿನ ಅಂಗಡಿ ಅಂಗಡಿ ಸುತ್ತಿದರು. ಸೊಸೆ "ನಮಸ್ಕಾರ, ನಾವೊಂದು ಅಧ್ಯಯನ..." ಎಂದು ಶುರು ಮಾಡಿದರೆ ಎದುರಿಗಿದ್ದವರು ಆಕಳಿಸುತ್ತಿದ್ದರು. ಔಷಧಿ ಅಂಗಡಿಯ ಗಲ್ಲಾದಲ್ಲಿದ್ದ ದಪ್ಪನೆಯ ಹೆಂಗಸಂತೂ ಬಾಟಲಿ ಎಂದ ಕೂಡಲೇ "ಆಚೆ ನಡೀರಿ" ಎಂದುಬಿಟ್ಟಳು.

ಸೊಸೆ ತಿರುಗಿ ಹೊರಟಳು. ಮಾಸ್ತರರು ಹೊರಡಲಿಲ್ಲ. ಪಕ್ಕದ ಸ್ಟೂಲು ಎಳೆದುಕೊಂಡು ಕುಳಿತೇಬಿಟ್ಟರು.

"ಬೇಡ ಅಂದ್ರೆ ಬೇಡ ಬಿಡಮ್ಮ. ಬಿಸಿಲಲ್ಲಿ ಬಂದಿದೀವಿ, ಎರಡು ನಿಮಿಷ ಕೂತು ಹೋಗ್ತೀವಿ. ಹೇಗಿದೆ ವ್ಯಾಪಾರ? ಇಡೀ ದಿನ ಒಬ್ಬಳೇ ಕೂರ್ತೀಯಾ? ಬೆನ್ನು ನೋಯಲ್ವಾ? ನನಗೆ ನಲವತ್ತು ವರ್ಷ ಮೆಷಿನ್ ಮುಂದೆ ಕೂತು ಬೆನ್ನು ಹೀಗಾಯ್ತು ನೋಡು..."

ಸೊಸೆ ಬಾಗಿಲಲ್ಲೇ ನಿಂತಳು. ಮಾತು ಬೆನ್ನಿನಿಂದ ಮಂಡಿಗೆ ಇಳಿಯಿತು, ಮಂಡಿಯಿಂದ ಆ ಹೆಂಗಸಿನ ಗಂಡನ ಕಡೆಗೆ ಹೊರಳಿತು, ಅಲ್ಲಿಂದ ಮಾಸ್ತರರ ಹೆಂಡತಿಯ ಮಂಗಳಾರತಿಗೆ ಬಂತು. ಹೆಂಗಸು ಗಲ್ಲಾ ತಟ್ಟಿ ತಟ್ಟಿ ನಕ್ಕಳು. ನಕ್ಕು ನಕ್ಕು ಸುಸ್ತಾಗಿ, "ಅಲ್ಲ ಅಜ್ಜಾ, ಆ ಬಾಟಲಿ ಎಷ್ಟು ದೊಡ್ಡದಿರತ್ತೆ?" ಎಂದು ಕೇಳಿದಳು.

ಸೊಸೆ ಚೀಲದಿಂದ ಬಾಟಲಿ ತೆಗೆದು ಮಾವನ ಕೈಗೆ ಕೊಟ್ಟಳು. ಮಾಸ್ತರರು ಅದನ್ನು ಗಲ್ಲಾದ ಮೇಲಿಟ್ಟು, ತಾವೂ ಕೊಟ್ಟವರೆಂಬ ಠೀವಿಯಲ್ಲಿ, ಹೇಗೆ ತುಂಬಿಸಬೇಕೆಂದು ವಿವರಿಸತೊಡಗಿದರು.